ಯುವನಿಧಿ: ದುಡ್ಡು ಬರುತ್ತೆ ಸರಿ, ಕೆಲಸ ಹುಡುಕೋಕೆ ಎಷ್ಟು ಉಪಯೋಗ?

ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಕೆಲಸ ಸಿಗುವ ತನಕ, ಇಲ್ಲವೇ ಹೆಚ್ಚೆಂದರೆ ಎರಡು ವರ್ಷ. ಕರ್ನಾಟಕ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಗೆ ಜಾರಿಯಾದದ್ದು ಈ ಯುವನಿಧಿ. 2023ರ ಡಿಸೆಂಬರ್ 26ಕ್ಕೆ ನೋಂದಣಿ ಶುರುವಾಯಿತು, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಹಾಕುವುದಕ್ಕೆ ಚಾಲನೆ ಸಿಕ್ಕಿತು. ಅಲ್ಲಿಂದ ಈಚೆಗೆ ಇದರ ಬಗ್ಗೆ ಬಂದದ್ದೆಲ್ಲ ಹೆಚ್ಚುಕಡಿಮೆ ರಾಜಕೀಯದ ಮಾತು. ಅರ್ಜಿ ಹಾಕುವವರಿಗೆ ಬೇಕಾದದ್ದು ಬೇರೆ: ಸಿಗುತ್ತಾ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಸಿಕ್ಕ ಮೇಲೆ ಕೆಲಸದ ಹುಡುಕಾಟಕ್ಕೆ, ಕೇಳುವ ಸಂಬಳಕ್ಕೆ ಅದರಿಂದ ಏನಾಗುತ್ತೆ?

ದುಡ್ಡು ತಲುಪಿಸುವ ವ್ಯವಸ್ಥೆಯಾಗಿ ಯುವನಿಧಿ ಪರವಾಗಿಲ್ಲ. ಕೆಲಸಕ್ಕೆ ದಾರಿ ತೋರಿಸುವ ಸೇವೆಯಾಗಿ ಮಾತ್ರ ಸಪ್ಪೆ. 'ಪುಕ್ಕಟೆ ದುಡ್ಡು ಕೊಟ್ಟು ಹುಡುಗರನ್ನ ಸೋಮಾರಿ ಮಾಡಿದರು, ಅದಕ್ಕೇ ಕಡಿಮೆ ಸಂಬಳಕ್ಕೆ ಯಾರೂ ಬರ್ತಿಲ್ಲ' ಅನ್ನೋ ಮಾತು ಅಂಗಡಿ ಕಟ್ಟೆಯಿಂದ ಹಿಡಿದು ಕಾರ್ಖಾನೆ ಮಾಲೀಕರ ಸಭೆ ತನಕ ಕೇಳಿಬರುತ್ತೆ. ಆ ಮಾತು ಲೆಕ್ಕ ಹಾಕಿದರೆ ನಿಲ್ಲಲ್ಲ. ಯಾಕೆ ನಿಲ್ಲಲ್ಲ ಅನ್ನೋದಕ್ಕೆ ಮುಂದೆ ಬರೋಣ. ಮೊದಲು ಅರ್ಜಿ.

ಅರ್ಜಿ ಹಾಕುವಾಗ

ಸೇವಾಸಿಂಧು ಗ್ಯಾರಂಟಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಹಾಕಬಹುದು. ಇಲ್ಲದಿದ್ದರೆ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್, ಬಾಪೂಜಿ ಸೇವಾ ಕೇಂದ್ರ. ಅರ್ಜಿಗೆ ಶುಲ್ಕ ಇಲ್ಲ. 'ಫಾರಂ ತುಂಬೋಕೆ 200 ಕೊಡಿ' ಅನ್ನುವ ಸೈಬರ್ ಸೆಂಟರ್‌ಗೆ ಹೋಗುವ ಅಗತ್ಯವೂ ಇಲ್ಲ.

ಷರತ್ತು ಕಡಿಮೆ, ಆದರೆ ಒಂದೊಂದೂ ಬಿಗಿ. ಪದವಿ ಅಥವಾ ಡಿಪ್ಲೊಮಾ ತನಕ ಕನಿಷ್ಠ 6 ವರ್ಷ ಕರ್ನಾಟಕದಲ್ಲೇ ಓದಿರಬೇಕು. ತೇರ್ಗಡೆಯಾಗಿ 180 ದಿನ ಕಳೆದಿರಬೇಕು, ಆ ದಿನಗಳಲ್ಲಿ ಸರ್ಕಾರಿಯಾಗಲಿ ಖಾಸಗಿಯಾಗಲಿ ಕೆಲಸ ಸಿಕ್ಕಿರಬಾರದು. ಮೇಲಿನ ಓದಿಗೆ ಸೇರಿದವರಿಗೆ ಇಲ್ಲ. ಸ್ಟೈಪೆಂಡ್ (ತರಬೇತಿ ಭತ್ಯೆ) ಪಡೆದು ಕೆಲಸ ಕಲಿಯುವ ಅಪ್ರೆಂಟಿಸ್‌ಗಳಿಗೆ ಇಲ್ಲ. ಸರ್ಕಾರಿ ಯೋಜನೆಯ ಅಥವಾ ಬ್ಯಾಂಕಿನ ಸಾಲ ತೆಗೆದು ಸ್ವಂತ ಉದ್ಯೋಗ ಮಾಡುತ್ತಿದ್ದವರಿಗೂ ಇಲ್ಲ. ಮೊದಲು 2022-23ರಲ್ಲಿ ಪಾಸಾದವರಿಗೆ ಮಾತ್ರ ಇತ್ತು, ನಂತರದ ಸಾಲುಗಳವರಿಗೂ ವಿಸ್ತರಿಸಿದರು. 2021ರಲ್ಲೋ 2022ರಲ್ಲೋ ಪದವಿ ಮುಗಿಸಿದವರು, ಅಂದರೆ ಕೋವಿಡ್ ಹೊಡೆತ ನೇರವಾಗಿ ತಿಂದವರು, ಹೊರಗೇ ಉಳಿದರು. ಯೋಜನೆಯಲ್ಲಿ ಮನಸ್ಸಿಗೆ ಚುಚ್ಚುವ ಜಾಗ ಇದು.

ಅರ್ಜಿ ನಿಲ್ಲುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು ಹೆಸರು. ಅಂಕಪಟ್ಟಿಯಲ್ಲಿ 'ಮಂಜುನಾಥ ಎಸ್', ಆಧಾರ್‌ನಲ್ಲಿ 'ಮಂಜುನಾಥ ಶಿವಪ್ಪ'. ಇನಿಷಿಯಲ್ ಬಿಡಿಸಿ ಬರೆದದ್ದಷ್ಟೇ ವ್ಯತ್ಯಾಸ, ಆದರೆ ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಜನ. ಅಂಕಪಟ್ಟಿ ತಿದ್ದಿಸಲು ವಿಶ್ವವಿದ್ಯಾಲಯಕ್ಕೆ ಅಲೆಯುವುದಕ್ಕಿಂತ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಟ್ಟುಕೊಂಡು ಆಧಾರ್ ಕೇಂದ್ರದಲ್ಲಿ ಆಧಾರ್ ಹೆಸರನ್ನೇ ಅದಕ್ಕೆ ಹೊಂದಿಸುವುದು ಸಲೀಸು. ಮುಂದೆ ಕೆಲಸಕ್ಕೆ ಸೇರಿದಾಗ ಪಿಎಫ್ (ಭವಿಷ್ಯ ನಿಧಿ) ಖಾತೆಗೂ ಇದೇ ಹೆಸರು ಹೊಂದಬೇಕು, ಹಾಗಾಗಿ ಈಗಲೇ ಮಾಡಿ ಮುಗಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತೆ.

ಎರಡನೆಯದು ನ್ಯಾಡ್, ಅಂದರೆ ರಾಷ್ಟ್ರೀಯ ಶೈಕ್ಷಣಿಕ ಠೇವಣಿ, ಪದವಿ ಪತ್ರಗಳ ಡಿಜಿಟಲ್ ಭಂಡಾರ. ನಿಮ್ಮ ಪದವಿ ನಿಜವೇ ಅನ್ನೋದನ್ನ ಸೇವಾಸಿಂಧು ಅಲ್ಲಿಂದ ನೋಡಿಕೊಳ್ಳುತ್ತೆ. ಪ್ರಮಾಣಪತ್ರವನ್ನು ಅಲ್ಲಿಗೆ ಏರಿಸಬೇಕಾದ್ದು ವಿಶ್ವವಿದ್ಯಾಲಯ. ಅವರು ಏರಿಸದಿದ್ದರೆ ನೀವು ಎಷ್ಟು ಸಲ ಅರ್ಜಿ ಹಾಕಿದರೂ ಅದು ಅಲ್ಲೇ ನಿಲ್ಲುತ್ತೆ. ಡಿಜಿಲಾಕರ್ ತೆರೆದು ವಿಶ್ವವಿದ್ಯಾಲಯ, ರಿಜಿಸ್ಟರ್ ನಂಬರ್, ವರ್ಷ ಹಾಕಿ ನೋಡಿ. ಪದವಿ ಪತ್ರ ಅಥವಾ ತಾತ್ಕಾಲಿಕ ಪದವಿ ಪತ್ರ ಅಲ್ಲಿ ಕಾಣಿಸಿದರೆ ಅರ್ಜಿಗೆ ಕೂರಬಹುದು. ಕಾಣಿಸದಿದ್ದರೆ ಪರೀಕ್ಷಾಂಗ ಕುಲಸಚಿವರ ಹೆಸರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಾಲೇಜು ಗುಮಾಸ್ತರ 'ಹೇಳ್ತೀವಿ ಬಿಡಿ' ಅನ್ನೋ ಭರವಸೆ ಮೇಲೆ ತಿಂಗಳು ಕಳೆಯಬೇಡಿ. ಬ್ಯಾಕ್‌ಲಾಗ್ ಇದ್ದವರು ಇನ್ನೊಂದು ನೆನಪಿಡಬೇಕು. ಕೋರ್ಸ್ ಮುಗಿದ ದಿನದಿಂದ 180 ದಿನದ ಲೆಕ್ಕ ಶುರುವಾಗಲ್ಲ, ಕೊನೆಯ ವಿಷಯ ಪಾಸಾದ ಮೇಲೆಯೇ ಶುರು.

ಮೂರನೆಯದು ಅರ್ಜಿ ಒಪ್ಪಿಗೆಯಾದ ಮೇಲೆ ಬರುವ ತಲೆನೋವು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಬ್ಯಾಂಕು. 'ಖಾತೆಗೆ ಆಧಾರ್ ಲಿಂಕ್ ಆಗಿದೆ' ಅಂತ ಬ್ಯಾಂಕಿನವರು ಹೇಳುವುದು ಕೆವೈಸಿ, ಅಂದರೆ ಗ್ರಾಹಕರ ಗುರುತು ಪರಿಶೀಲನೆಯ ಲೆಕ್ಕದಲ್ಲಿ. ಸರ್ಕಾರದ ದುಡ್ಡು ಹೋಗುವುದು, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ನಕ್ಷೆಯಲ್ಲಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಆ ಒಂದೇ ಖಾತೆಗೆ. ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಈ ಜೋಡಣೆಗೆ ಒಪ್ಪಿಗೆ ಕೊಟ್ಟಿರೋ ಅದೇ ಗೆಲ್ಲುತ್ತೆ. ಎಂದೋ ಸಿಮ್ ತೆಗೆದುಕೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ದುಡ್ಡು ಹೋಗಿ ಕೂತಿರುತ್ತೆ, ಇಲ್ಲಿ ನೋಡಿದರೆ ಪಾಸ್‌ಬುಕ್ ಖಾಲಿ. ಮೈಆಧಾರ್ ತಾಣದಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿದರೆ ಬ್ಯಾಂಕಿನ ಹೆಸರು, ಸಕ್ರಿಯವೋ ಅಲ್ಲವೋ ಎರಡೂ ಕಾಣುತ್ತೆ. ಯಾವ ಕಂತು ಯಾವ ಖಾತೆಗೆ ಹೋಯಿತು ಅನ್ನೋದನ್ನ ಡಿಬಿಟಿ ಕರ್ನಾಟಕ ಆ್ಯಪ್ ತೋರಿಸುತ್ತೆ. ಈ ಆ್ಯಪ್ ಚೆನ್ನಾಗಿದೆ, ಕಚೇರಿಯ ಒಂದು ಅಲೆದಾಟ ಉಳಿಸುತ್ತೆ.

ಸ್ವಯಂ ಘೋಷಣೆ, ಮತ್ತು ಹತ್ತು ದಿನದ ಕೆಲಸ

'ನನಗಿನ್ನೂ ಕೆಲಸ ಸಿಕ್ಕಿಲ್ಲ, ಮೇಲಿನ ಓದಿಗೂ ಸೇರಿಲ್ಲ' ಅಂತ ಕಾಲಕಾಲಕ್ಕೆ ಪೋರ್ಟಲ್‌ನಲ್ಲಿ ಘೋಷಿಸಬೇಕು. ಶುರುವಿನಲ್ಲಿ ಇದು ಪ್ರತಿ ತಿಂಗಳು 25ರ ಒಳಗೆ ಇತ್ತು. ತಾರೀಕು ಮರೆತವರ ಕಂತು ನಿಲ್ಲುತ್ತಿತ್ತು. ಆಮೇಲೆ ಮೂರು ತಿಂಗಳಿಗೊಮ್ಮೆ ಮಾಡಿದರು, ಇದು ಒಳ್ಳೆಯ ಬದಲಾವಣೆ. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ಆಧಾರ್‌ಗೆ ಜೋಡಿಸಿದ ನಂಬರ್ ಕೈಯಲ್ಲೇ ಇರಲಿ. ಅದು ಅಪ್ಪನದ್ದಾಗಿದ್ದು ಅವರು ಹೊಲದಲ್ಲಿದ್ದರೆ ಒಟಿಪಿ ಬರುವ ಹೊತ್ತಿಗೆ ಪುಟ ಮುಚ್ಚಿಹೋಗಿರುತ್ತೆ.

ಘೋಷಣೆ ಕೇಳುವುದು ಅಷ್ಟೇ. ಯಾವ ಕೆಲಸಕ್ಕೆ ಪ್ರಯತ್ನಿಸಿದಿರಿ, ಎಷ್ಟು ಸಂಬಳ ಹೇಳಿದರು, ಯಾಕೆ ಬಿಟ್ಟಿರಿ ಅಂತ ಕೇಳಲ್ಲ. ಲಕ್ಷಾಂತರ ಜನ ಮೂರು ತಿಂಗಳಿಗೊಮ್ಮೆ ಬಂದು ಗುಂಡಿ ಒತ್ತುವ ಜಾಗ. ಅಲ್ಲಿ ಇನ್ನೆರಡು ಪ್ರಶ್ನೆ ಇಟ್ಟಿದ್ದರೆ ಯಾವ ಜಿಲ್ಲೆಯಲ್ಲಿ ಯಾವ ಪದವಿಗೆ ಎಷ್ಟು ಸಂಬಳ ಕೊಡುತ್ತಿದ್ದಾರೆ ಅನ್ನೋ ಪಟ್ಟಿ ತಾನಾಗಿಯೇ ತಯಾರಾಗುತ್ತಿತ್ತು. ಅಂಥ ಪಟ್ಟಿ ಇವತ್ತು ಕೆಲಸ ಹುಡುಕುವವರ ಕೈಯಲ್ಲಿ ಇಲ್ಲವೇ ಇಲ್ಲ.

ಸುಳ್ಳು ಘೋಷಣೆಯ ಬಗ್ಗೆ ಉಪದೇಶ ಬೇಡ, ಅದು ಹೇಗೆ ಪತ್ತೆಯಾಗುತ್ತೆ ಅನ್ನೋದು ಗೊತ್ತಿದ್ದರೆ ಸಾಕು. ಕಂಪನಿ ನಿಮ್ಮ ಪಿಎಫ್ ಕಟ್ಟಿದ ದಿನ ನಿಮಗೊಂದು ಯುಎಎನ್, ಅಂದರೆ ಪಿಎಫ್ ಗುರುತಿನ ಸಂಖ್ಯೆ, ಹುಟ್ಟುತ್ತೆ, ಅದೂ ಆಧಾರ್‌ಗೇ ಅಂಟಿಕೊಂಡಿರುತ್ತೆ. ತಾಳೆ ಹಾಕಿದರೆ ಕ್ಷಣದಲ್ಲಿ ಗೊತ್ತಾಗುತ್ತೆ. ಪ್ರಾಮಾಣಿಕರೂ ಸಿಕ್ಕಿಬೀಳುವುದು ಇಲ್ಲೇ. ಒಂದು ಕಡೆ ಸೇರಿ ಹತ್ತು ದಿನಕ್ಕೆ ಹೊಂದಿಕೆಯಾಗದೆ ಬಿಟ್ಟಿರುತ್ತಾರೆ, ಕಂಪನಿ 'ಬಿಟ್ಟ ದಿನಾಂಕ' ದಾಖಲಿಸಿರಲ್ಲ. ದಾಖಲೆಯ ಪ್ರಕಾರ ಅವರು ಇನ್ನೂ ನೌಕರರೇ. ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಸಂಸ್ಥೆಯಾದ ಇಪಿಎಫ್‌ಒದ ಸದಸ್ಯರ ಪೋರ್ಟಲ್‌ನಲ್ಲಿ 'ಮಾರ್ಕ್ ಎಕ್ಸಿಟ್'ಗೆ ಹೋಗಿ ಅದನ್ನು ನೀವೇ ದಾಖಲಿಸಬಹುದು. ಐದು ನಿಮಿಷದ ಕೆಲಸ. ಮುಂದಿನ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲೂ ಇದು ಉಪಯೋಗಕ್ಕೆ ಬರುತ್ತೆ.

3,000 ರೂಪಾಯಿ ಮತ್ತು ಕೇಳುವ ಸಂಬಳ

ಈಗ ಲೆಕ್ಕಕ್ಕೆ ಬರೋಣ. ಯಾವ ಸಂಬಳಕ್ಕಿಂತ ಕೆಳಗೆ ಇಳಿದರೆ ಕೆಲಸಕ್ಕೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ಮೇಲು ಅನ್ನಿಸುತ್ತೋ, ಅದೇ ಒಬ್ಬರ ತಳಮಟ್ಟದ ಸಂಬಳ. ಅದು ಆಸೆಯ ಸಂಬಳ ಅಲ್ಲ. ಇವೆರಡನ್ನೂ ಕಲಸಿ 'ಈಗಿನ ಹುಡುಗರಿಗೆ ಆಸೆ ಜಾಸ್ತಿ' ಅನ್ನುವುದರಿಂದಲೇ ಗೊಂದಲ.

ತಳಮಟ್ಟವನ್ನು ತೀರ್ಮಾನಿಸುವುದು ಊರು ಬಿಡುವ ಖರ್ಚು. ಹಾವೇರಿ ಕಡೆಯ ಒಬ್ಬ ಬಿಕಾಂ ಪದವೀಧರೆ ಬೆಂಗಳೂರಿಗೆ ಬರುತ್ತಾಳೆ ಅಂತಿಟ್ಟುಕೊಳ್ಳಿ. ಮೂವರು ಹಂಚಿಕೊಳ್ಳುವ ಪಿಜಿ ಊಟ ಸಮೇತ 7,500. ಓಡಾಟಕ್ಕೆ 1,500, ಫೋನು ಸೋಪು ಇತ್ಯಾದಿಗೆ 1,000, ತಿಂಗಳಿಗೊಮ್ಮೆ ಊರಿಗೆ ಹೋಗಿ ಬರಲು 1,000, ಬಟ್ಟೆ ಔಷಧಿ ಅಂತ 1,500. ಒಟ್ಟು 12,500. ಮೊದಲ ತಿಂಗಳ ಪಿಜಿ ಅಡ್ವಾನ್ಸ್ ಬೇರೆ. ಅಂದರೆ ಕೈಗೆ 12,000 ಬರುವ ಕೆಲಸಕ್ಕೆ ಸೇರಿದರೆ ತಿಂಗಳಿಗೆ 500 ರೂಪಾಯಿ ಮನೆಯಿಂದ ತರಿಸಬೇಕು. ದುಡಿಯಲು ಹೋಗಿ ಸಾಲ! ಹುಡುಗಿಯರ ವಿಷಯದಲ್ಲಿ ತಳ ಇನ್ನೂ ಸ್ವಲ್ಪ ಮೇಲಿರುತ್ತೆ. ಕೆಲಸದ ಜಾಗಕ್ಕೆ ಹತ್ತಿರದ ಪಿಜಿ, ರಾತ್ರಿ ಪಾಳಿಗೆ ಕ್ಯಾಬ್, ಇವಿಲ್ಲದೆ ಮನೆಯವರು ಒಪ್ಪಲ್ಲ.

ಇದಕ್ಕೆ ಯುವನಿಧಿ ಸೇರಿಸಿ. ಕೆಲಸಕ್ಕೆ ಸೇರಿದ ದಿನ 3,000 ನಿಲ್ಲುತ್ತೆ. ಊರಲ್ಲಿರುವುದಕ್ಕೆ ಸಮ ಅನ್ನಿಸಬೇಕಾದರೂ ಬೆಂಗಳೂರಿನ ಕೆಲಸ ಕೈಗೆ 15,500 ಕೊಡಬೇಕು. ಅಂದರೆ ಯುವನಿಧಿ ತಳವನ್ನು ಏರಿಸಿದ್ದು ನಿಜ, ಆದರೆ ಅದರ ಪಾಲು 3,000. ಉಳಿದ 12,500 ನಗರದ ಪಾಲು. ಬೈಗುಳವೆಲ್ಲ ಆ ಮೂರು ಸಾವಿರಕ್ಕೇ ಬೀಳುತ್ತಿದೆ.

ನಿಜವಾದ ಪೆಟ್ಟು ಬೀಳುವುದು ಊರಿನ ಕೆಲಸಕ್ಕೆ. ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಲೆಕ್ಕ ಬರೆಯಲು 8,000 ಕೊಡುತ್ತಾರೆ. ಆ ಕೆಲಸ ಹಿಡಿದರೆ 3,000 ಹೋಗಿ ನಿಜವಾದ ಲಾಭ 5,000. ದಿನಕ್ಕೆ ಹತ್ತು ಗಂಟೆ ನಿಂತು ಐದು ಸಾವಿರ. ಡಿಪ್ಲೊಮಾದವರಿಗೆ ಅದೇ ಕೆಲಸದ ಲಾಭ 6,500. ಅಂಗಡಿ ಮಾಲೀಕರೂ ಇದನ್ನು ಕಂಡುಕೊಂಡಿದ್ದಾರೆ. 'ಪಿಎಫ್ ಗಿಎಫ್ ಬೇಡ, ಕೈಗೇ ಕೊಡ್ತೀನಿ, ನಿನ್ನ ನಿಧೀನೂ ಬರ್ಲಿ' ಅನ್ನುತ್ತಾರೆ. ಮೇಲ್ನೋಟಕ್ಕೆ ಇಬ್ಬರಿಗೂ ಲಾಭ. ಒಳಗೆ ಆಗುವುದೇ ಬೇರೆ. ಎರಡು ವರ್ಷ ದುಡಿದರೂ ಅನುಭವಕ್ಕೆ ಕಾಗದ ಇರಲ್ಲ, ಮುಂದಿನ ಕಡೆ ಮತ್ತೆ 'ಫ್ರೆಶರ್' ಸಂಬಳ.

ಇನ್ನೊಂದು ಕಳೆದುಕೊಳ್ಳುವುದಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಮೊದಲ ಬಾರಿ ಪಿಎಫ್ ಸೇರುವವರಿಗೆ ಒಂದು ತಿಂಗಳ ಪಿಎಫ್ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ ಸಿಗುತ್ತೆ. ಮೊದಲ ಕಂತು ಆರು ತಿಂಗಳು ಮುಗಿದ ಮೇಲೆ, ಎರಡನೆಯದು ಹನ್ನೆರಡು ತಿಂಗಳಾಗಿ ಹಣಕಾಸು ಸಾಕ್ಷರತೆಯ ಪಾಠ ಮುಗಿಸಿದ ಮೇಲೆ. ಕಂಪನಿಗೂ ಪ್ರೋತ್ಸಾಹಧನ ಇದೆ. 15,000 ಅಂದರೆ ಐದು ತಿಂಗಳ ಯುವನಿಧಿ. 'ಮೊದಲ ಬಾರಿ' ಅನ್ನೋ ಪದ ಗಮನಿಸಿ: ಎಂಥದೋ ಕೆಲಸಕ್ಕೆ ಸೇರಿ ಯುಎಎನ್ ಹುಟ್ಟಿಸಿಕೊಂಡು ಹತ್ತು ದಿನಕ್ಕೆ ಬಿಟ್ಟರೆ ಆ ಅವಕಾಶವೂ ಕೈತಪ್ಪಬಹುದು.

ಆಸೆಯ ಸಂಬಳ ಎಲ್ಲಿಂದ ಬರುತ್ತೆ? ಯುವನಿಧಿಯಿಂದಂತೂ ಅಲ್ಲ. ಅದು ಅಕ್ಕಪಕ್ಕ ನೋಡಿ ಬರುತ್ತೆ. ಏಳನೇ ವೇತನ ಆಯೋಗದ ನಂತರ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ ಏರಿತು. ಸರ್ಕಾರದ ಅತಿ ಕೆಳಗಿನ ಹುದ್ದೆಗೇ 27,000 ಇರುವಾಗ, ಖಾಸಗಿಯವರು ಅದೇ ಊರಿನಲ್ಲಿ ಪದವೀಧರರಿಗೆ 10,000 ಹೇಳಿದರೆ ಯಾರಿಗೆ ತಾನೇ ರುಚಿಸುತ್ತೆ? ಅದಕ್ಕೇ ಧಾರವಾಡ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಬೀದಿಗಳು ತುಂಬಿರೋದು. ಅಲ್ಲಿ ಓದುವವರಿಗೆ ಯುವನಿಧಿ ಅಂದರೆ ವಾಚನಾಲಯದ ಬಾಡಿಗೆ, ಅರ್ಜಿ ಶುಲ್ಕ, ಪರೀಕ್ಷೆಗೆ ಹೋಗುವ ಬಸ್ ಚಾರ್ಜ್. ಯೋಜನೆ ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತಿರುವುದು ಈ ಗುಂಪಿಗೆ, ಸರ್ಕಾರ ಹಾಗೆ ಹೇಳಿಕೊಳ್ಳದಿದ್ದರೂ.

ಓದಿದವರೇ ಹೆಚ್ಚು ಖಾಲಿ ಕೂತಿರುವುದಕ್ಕೆ ಅಂಕಿ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಮಾನವ ಅಭಿವೃದ್ಧಿ ಸಂಸ್ಥೆ 2024ರ ಮಾರ್ಚ್‌ನಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ದೇಶದ ಯುವ ಪದವೀಧರರಲ್ಲಿ ನಿರುದ್ಯೋಗ ಶೇ 29.1, ಓದು ಬರಹ ಬಾರದವರಲ್ಲಿ ಶೇ 3.4. ಓದಿಲ್ಲದವರಿಗೆ ಒಳ್ಳೆ ಕೆಲಸ ಸಿಕ್ಕಿದೆ ಅಂತ ಇದರರ್ಥ ಅಲ್ಲ. ಅವರಿಗೆ ಕಾಯುವ ಶಕ್ತಿ ಇಲ್ಲ, ಸಿಕ್ಕಿದ್ದಕ್ಕೆ ಹೋಗುತ್ತಾರೆ. ಪದವೀಧರರ ಮನೆಯಲ್ಲಿ ಒಂದೆರಡು ವರ್ಷ ಕಾಯಿಸುವಷ್ಟು ಅನ್ನ ಇರುತ್ತೆ. ಆ ಕಾಯುವಿಕೆಗೆ 3,000 ಒಂದು ಚಮಚ ತುಪ್ಪ ಅಷ್ಟೆ.

ಪಕ್ಕದ ಬಾಗಿಲುಗಳು

ಎರಡು ವರ್ಷ 3,000ದಂತೆ ಒಟ್ಟು 72,000. ಅದಕ್ಕೆ ಎದುರಾಗಿ ಇಟ್ಟು ನೋಡಬೇಕಾದ್ದು ಅಪ್ರೆಂಟಿಸ್‌ಶಿಪ್. 2019ರ ತಿದ್ದುಪಡಿಯ ನಿಯಮದಂತೆ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ 9,000, ಡಿಪ್ಲೊಮಾದವರಿಗೆ 8,000. 2025ರ ಮೇನಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಬೇರೆ ಬೇರೆ ಓದಿನವರಿಗೆ ಇದ್ದ 5,000ದಿಂದ 9,000ದ ಸಾಲನ್ನು 6,800ರಿಂದ 12,300ಕ್ಕೆ ಏರಿಸಲು ಶಿಫಾರಸು ಮಾಡಿತು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆ ಹೊತ್ತಿಗೆ ಜಾರಿಯಲ್ಲಿರುವ ದರವನ್ನು ಕೇಂದ್ರದ ಅಪ್ರೆಂಟಿಸ್ ತಾಣವಾದ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಅಪ್ರೆಂಟಿಸ್‌ಗೆ ಪಿಎಫ್ ಇಲ್ಲ, ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಕೈಗೆ ಬರುವುದು ಪ್ರಮಾಣಪತ್ರ ಮತ್ತು ಒಂದು ವರ್ಷ ನಿಜವಾದ ಕೆಲಸದ ಜಾಗದಲ್ಲಿ ಇದ್ದ ಅನುಭವ. ಸ್ವಂತ ಊರಿಗೆ ದಿನಾ ಓಡಾಡುವಷ್ಟು ಹತ್ತಿರ ಸಿಕ್ಕರೆ ಯುವನಿಧಿ ಬಿಟ್ಟು ಇದನ್ನು ಹಿಡಿಯುವುದೇ ಜಾಣತನ. ದೂರದ ಊರಿನದಾದರೆ ಮೇಲಿನ ಪಿಜಿ ಲೆಕ್ಕವನ್ನು ಮತ್ತೆ ಹಾಕಿ ನೋಡಿ. 9,000ದಲ್ಲಿ ಬೆಂಗಳೂರು ನಡೆಯಲ್ಲ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಇದೇ ಕಲ್ಲಿಗೆ ಎಡವಿತು. ಶುರುವಾದಾಗಿನ ಷರತ್ತು: ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5,000, ಒಮ್ಮೆ ಮಾತ್ರ 6,000, ವಯಸ್ಸು 21ರಿಂದ 24. 2024ರ ಅಕ್ಟೋಬರ್‌ನಲ್ಲಿ ಶುರುವಾದ ಮೊದಲ ಸುತ್ತಿನಲ್ಲಿ ಸುಮಾರು 82,000 ಆಹ್ವಾನ ಹೋದವು, ಸೇರಿದವರು 8,700ರ ಆಸುಪಾಸು. ಕಂಪನಿಯ ಹೆಸರು ದೊಡ್ಡದಾದರೆ ಸಾಲದು, ಆ ಊರಿನ ರೂಮಿನ ಬಾಡಿಗೆಯಾದರೂ ಹುಟ್ಟಬೇಕು.

ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನೋಂದಾಯಿಸಿಕೊಳ್ಳಿ, ಖರ್ಚಿಲ್ಲ. ಉದ್ಯೋಗ ಮೇಳಗಳ ಸುದ್ದಿ ಸಿಗುತ್ತೆ. ಆದರೆ ಅದು ಯುವನಿಧಿಗೆ ಬೆಸೆದುಕೊಂಡಂತೆ ಅನ್ನಿಸಲ್ಲ, ಎರಡೂ ಒಂದೇ ಇಲಾಖೆಯ ಕೂಸುಗಳಾದರೂ.

ಆಫರ್ ಲೆಟರ್‌ನ ಕೊನೆಯ ಪುಟ

ಯುವನಿಧಿ ಕಲಿಸದ, ಕಾಲೇಜೂ ಕಲಿಸದ ಪಾಠ ಇದು. ಆಫರ್ ಲೆಟರ್ ಕೈಗೆ ಬಂದಾಗ ಮೊದಲ ಪುಟದ ದಪ್ಪಕ್ಷರ ಬಿಟ್ಟು ಕೊನೆಯ ಪುಟದ ಕೋಷ್ಟಕ ತೆಗೆಯಿರಿ. 'ವರ್ಷಕ್ಕೆ 3 ಲಕ್ಷ ಸಿಟಿಸಿ' ಅಂದರೆ ತಿಂಗಳಿಗೆ 25,000 ಅಂದುಕೊಂಡು ಮನೆಯವರಿಗೆ ಹೇಳಿಬಿಡುತ್ತಾರೆ. ಸಿಟಿಸಿ ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ಬಿಡಿಸಿ ನೋಡೋಣ. ಶೇ 10 'ವೇರಿಯಬಲ್' ಇದ್ದರೆ 2,500 ಪಕ್ಕಕ್ಕೆ ಹೋಯಿತು. ಅದು ಕೆಲಸದ ಸಾಧನೆ ನೋಡಿ, ಬಂದರೆ ಬಂತು. ಮೂಲವೇತನ ಸಿಟಿಸಿಯ ಅರ್ಧ, 12,500 ಅಂತಿಟ್ಟರೆ ಕಂಪನಿಯ ಪಾಲಿನ ಪಿಎಫ್ ಶೇ 12ರಂತೆ 1,500. ಗ್ರಾಚುಯಿಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಉಪದಾನ, ಶೇ 4.81ರಂತೆ 601. ಇದನ್ನೂ ಸಿಟಿಸಿಯಲ್ಲೇ ಸೇರಿಸಿರುತ್ತಾರೆ. ಉಳಿದದ್ದು 20,399. ಒಟ್ಟು ಸಂಬಳ 21,000ದ ಒಳಗಿರುವುದರಿಂದ ನೌಕರರ ವಿಮೆಯಾದ ಇಎಸ್‌ಐ ಬರುತ್ತೆ, ಕಂಪನಿಯ ಪಾಲು ಶೇ 3.25, ಅಂದರೆ 642. ಈಗ ಒಟ್ಟು ಸಂಬಳ 19,757. ಇದರಿಂದ ನಿಮ್ಮ ಪಾಲಿನ ಪಿಎಫ್ 1,500, ಇಎಸ್‌ಐ ಶೇ 0.75ರಂತೆ 149 ಕಳೆದರೆ ಕೈಗೆ ಬರುವುದು 18,108. ಕರ್ನಾಟಕದ ವೃತ್ತಿ ತೆರಿಗೆ ತಿಂಗಳಿಗೆ 25,000ಕ್ಕಿಂತ ಕೆಳಗಿನವರಿಗೆ ಇಲ್ಲ, ಅದೊಂದು ಉಳಿಯಿತು.

ಪಿಎಫ್ ಎರಡೂ ಪಾಲು ನಿಮ್ಮದೇ ಹೆಸರಲ್ಲಿರುತ್ತೆ, ಇಎಸ್‌ಐನಿಂದ ನಿಮ್ಮ ಮೇಲೆ ಅವಲಂಬಿಸಿರುವ ಅಪ್ಪ ಅಮ್ಮನಿಗೂ ಚಿಕಿತ್ಸೆಯ ಅನುಕೂಲ ಇದೆ, ಹಾಗಾಗಿ ಇವನ್ನು ಮೋಸ ಅಂತ ನೋಡಬೇಕಿಲ್ಲ. ಆದರೆ ಪಿಜಿ ಬಾಡಿಗೆ ಕಟ್ಟುವುದು 18,108ರಿಂದಲೇ ಹೊರತು 25,000ದಿಂದ ಅಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಮೂಲವೇತನವನ್ನು ಶೇ 30ಕ್ಕೆ ಇಳಿಸಿ ಉಳಿದದ್ದನ್ನು 'ವಿಶೇಷ ಭತ್ಯೆ' ಮಾಡುವ ಹಳೆಯ ಆಟ ಇನ್ನು ಅಷ್ಟು ಸುಲಭ ಅಲ್ಲ.

'ಎಷ್ಟು ನಿರೀಕ್ಷೆ ಮಾಡ್ತೀರಿ?' ಅಂತ ಕೇಳಿದಾಗ 'ಕಂಪನಿ ನಿಯಮದಂತೆ ಕೊಡಿ ಸರ್' ಅನ್ನೋದು ನಮ್ಮವರ ಮಾಮೂಲಿ ಉತ್ತರ. ವಿನಯ ಸರಿ, ಆದರೆ ಕೇಳಿದವರು ತಮ್ಮ ಪಟ್ಟಿಯ ಕೆಳಗಿನ ಅಂಕಿಯನ್ನೇ ಬರೆದುಕೊಳ್ಳುತ್ತಾರೆ. ಅದರ ಬದಲು ಕೈಗೆ ಬರುವ ಲೆಕ್ಕದಲ್ಲಿ, ಒಂದು ಅಂತರ ಇಟ್ಟು ಹೇಳಿ: 'ಪಿಎಫ್ ಕಳೆದು ಕೈಗೆ 17ರಿಂದ 20 ಸಾವಿರ ನೋಡ್ತಿದ್ದೀನಿ.' ಕೆಳಗಿನ ಅಂಕಿ ನಿಮ್ಮ ತಳಮಟ್ಟಕ್ಕಿಂತ ಮೇಲೇ ಇರಲಿ. ಮಾತುಕತೆ ಕೆಳಗಿನ ಅಂಕಿಯಿಂದಲೇ ಶುರುವಾಗುತ್ತೆ. ಮೇಲಿನ ಅಂಕಿ ಮಾರುಕಟ್ಟೆಯಿಂದ ತೀರ ದೂರ ಹೋಗದಿರಲಿ. ಐಟಿಯಲ್ಲಿ ಎಂಜಿನಿಯರಿಂಗ್ ಫ್ರೆಶರ್‌ಗಳ ಸಾಮಾನ್ಯ ಆರಂಭಿಕ ಸಂಬಳ ಹತ್ತು ವರ್ಷಕ್ಕೂ ಮಿಕ್ಕಿ ಮೂರೂವರೆ ಲಕ್ಷದ ಸುತ್ತಲೇ ಸುತ್ತುತ್ತಿದೆ. 2024ರ ಆಗಸ್ಟ್‌ನಲ್ಲಿ ಕಾಗ್ನಿಜೆಂಟ್‌ನ 2.52 ಲಕ್ಷದ ಆಫರ್ ಗದ್ದಲ ಎಬ್ಬಿಸಿದಾಗ, ಅದು ಎಂಜಿನಿಯರಿಂಗ್ ಅಲ್ಲದ ಮೂರು ವರ್ಷದ ಪದವಿಯವರಿಗೆ ಅಂತ ಕಂಪನಿ ಸ್ಪಷ್ಟನೆ ಕೊಟ್ಟಿತು. ಬಿಎಸ್‌ಸಿ, ಬಿಸಿಎ ಮಾಡಿದವರು ಅದನ್ನೂ ಒಂದು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಬದಲಾಗಬೇಕಾದ್ದು

ಯುವನಿಧಿಯ ವಿನ್ಯಾಸದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು: ಕೆಲಸ ಸಿಕ್ಕಿದ ಕೂಡಲೇ ನಲ್ಲಿ ಪೂರ್ತಿ ಬಂದ್. ಮೊದಲ ಸಂಬಳ ಬರುವುದಕ್ಕೆ ಮೂವತ್ತು ನಲವತ್ತು ದಿನ ಹಿಡಿಯುತ್ತೆ. ಪಿಜಿ ಅಡ್ವಾನ್ಸ್, ಫಾರ್ಮಲ್ ಬಟ್ಟೆ, ಓಡಾಟ, ಎಲ್ಲ ಖರ್ಚು ಬೀಳುವುದು ಆ ದಿನಗಳಲ್ಲೇ. ಸರಿಯಾಗಿ ಆಗಲೇ ಕೈ ಬಿಡುತ್ತಾರೆ. ಸೇರಿದ ಮೇಲೆ ಮೂರು ತಿಂಗಳು ಮುಂದುವರಿಸಿ ಆಮೇಲೆ ನಿಲ್ಲಿಸಿದ್ದರೆ, ಕಾಗದದ ಮೇಲೆ ಕೆಲಸ ತೋರಿಸಲು ಯಾರೂ ಹೆದರುತ್ತಿರಲಿಲ್ಲ. ಅಪ್ರೆಂಟಿಸ್‌ಗಳನ್ನು ಹೊರಗಿಟ್ಟದ್ದು ಇನ್ನೊಂದು. 9,000ದ ಜೊತೆ 3,000 ಸೇರಿದ್ದರೆ 12,000 ಆಗಿ ಪರ ಊರಿನಲ್ಲಿ ಹೇಗೋ ಒಂದು ವರ್ಷ ನಡೆಸಬಹುದಿತ್ತು. ತರಬೇತಿಗೆ ಹೋಗುವವರನ್ನೇ ಶಿಕ್ಷಿಸಿದಂತಾಗಿದೆ.

2024ರ ಜನವರಿಯಲ್ಲಿ ಹಣ ಪಡೆಯಲು ಶುರು ಮಾಡಿದವರ 24 ತಿಂಗಳು 2025ರ ಡಿಸೆಂಬರ್‌ಗೆ ಮುಗಿದಿದೆ. ಈಗ ಹಣ ಪಡೆಯುತ್ತಿರುವವರು ಮೊದಲ ಆರು ತಿಂಗಳ 18,000ವನ್ನು ಮುಟ್ಟದೆ ಇಟ್ಟುಕೊಳ್ಳಲು ಆದರೆ, ಅದು ಪಿಜಿ ಅಡ್ವಾನ್ಸ್ ಮತ್ತು ಮೊದಲ ತಿಂಗಳ ಖರ್ಚಿಗೆ ಸಾಕು. ಕೈಯಲ್ಲಿ ಆ ದುಡ್ಡಿದ್ದರೆ 'ನಾಳೆಯಿಂದಲೇ ಬನ್ನಿ' ಅನ್ನುವ ಮೊದಲ ಕಂಪನಿಗೆ ಹೂಂ ಅನ್ನದೆ ಇನ್ನೊಂದು ಸಂದರ್ಶನ ನೋಡುವ ಧೈರ್ಯ ಬರುತ್ತೆ.

ಉದ್ಯೋಗ ಮೇಳಕ್ಕೆ ಹೋಗುವವರಿಗೆ ಕೊನೆಯದಾಗಿ ನಾಲ್ಕು ಮಾತು. ಹತ್ತು ಪ್ರತಿ ಬಯೋಡೇಟಾ, ಅಂಕಪಟ್ಟಿಗಳ ಜೆರಾಕ್ಸ್ ಇರಲಿ, ಮೂಲ ಪತ್ರ ಯಾರಿಗೂ ಬಿಟ್ಟು ಬರಬೇಡಿ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ಯೂನಿಫಾರಂ ಹಣ ಅಂತ ಮೊದಲೇ ದುಡ್ಡು ಕೇಳುವ ಟೇಬಲ್‌ನಿಂದ ಎದ್ದು ಬನ್ನಿ. 'ಫೀಲ್ಡ್ ವರ್ಕ್' ಅಂದರೆ ಪೆಟ್ರೋಲ್ ಯಾರದು, 'ಇನ್ಸೆಂಟಿವ್ ಸೇರಿ 22,000' ಅಂದರೆ ಟಾರ್ಗೆಟ್ ಮುಟ್ಟದ ತಿಂಗಳು ಎಷ್ಟು, ಬಾಂಡ್ ಇದೆಯಾ, ಸಂಬಳ ಯಾವ ತಾರೀಕಿಗೆ ಬೀಳುತ್ತೆ, ಪಿಎಫ್ ಮೊದಲ ತಿಂಗಳಿಂದಲೇ ಕಟ್ಟುತ್ತೀರಾ ಅಂತ ಕೇಳಿ. ಉತ್ತರಗಳನ್ನು ಆ ಕಂಪನಿಯ ಕರಪತ್ರದ ಹಿಂದೆಯೇ, ಹೇಳಿದವರ ಎದುರಿಗೇ ಬರೆದುಕೊಳ್ಳಿ.